ಸಂಖ್ಯೆ ಬಿಡಿಸುವ ದಾರಿ: ಶೇಷವೋ, ಸ್ಟ್ರಿಂಗೋ?

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಒಂದು ಸಂಖ್ಯೆಯ ಅಂಕಿಗಳನ್ನು ಬೇರೆ ಬೇರೆ ಮಾಡೋಕೆ ನಮ್ಮ ಸರ್ ಸಿ ಭಾಷೆಯಲ್ಲಿ % 10 (ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ) ಹೇಳಿಕೊಟ್ಟರು. ನನ್ನ ಅಕ್ಕ ಪೈಥಾನ್‌ನಲ್ಲಿ ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ ಒಂದೇ ಸಾಲಲ್ಲಿ ಮುಗಿಸುತ್ತಾಳೆ. ಶೇಷದ ವಿಧಾನ ಹಳೇ ಕಾಲದ್ದು ಅನ್ನುತ್ತಾಳೆ. ಯಾವುದು ಸರಿ? ಇನ್ನೊಂದು ತೊಂದರೆ ಇದೆ. ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆಯುತ್ತಾ ಹೋಗುವ ಕಾಪ್ರೇಕರ್ ಅವರ 6174ರ ಪ್ರೋಗ್ರಾಂ ಬರೆದೆ. ನಾನು ಕೊಟ್ಟ ಬಹಳಷ್ಟು ಸಂಖ್ಯೆಗಳಿಗೆ 6174 ಬಂತು. 2111 ಕೊಟ್ಟರೆ ಮಾತ್ರ 0 ಬರುತ್ತದೆ. ಎರಡೂ ವಿಧಾನದಲ್ಲಿ ನೋಡಿದೆ, ಎರಡರಲ್ಲೂ ಅದೇ 0. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯಿತು. 2111ರ ಹತ್ತಿರ ನಿಂತು ಯೋಚಿಸಿದ್ದೀರಲ್ಲ, ಅದು ದೊಡ್ಡ ವಿಷಯ. ಅಲ್ಲಿಗೆ ಬರುತ್ತೇನೆ. ಮೊದಲು ಶೇಷದ ಮಾತು.

ನಾನು 22 ವರ್ಷದಿಂದ ಪಾಲಿಟೆಕ್ನಿಕ್‌ನಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದೇನೆ. ಈ ಪಾಠದ ದಿನ ಮಾತ್ರ ಮನೆಯಿಂದ ಒಂದು ಹಿಡಿ ತೆಂಗಿನ ಗರಿಯ ಕಡ್ಡಿ ಮತ್ತು ಒಂದಷ್ಟು ರಬ್ಬರ್ ಬ್ಯಾಂಡ್ ಬ್ಯಾಗಿಗೆ ಹಾಕಿಕೊಂಡು ಹೋಗುತ್ತೇನೆ. ಒಂದನೇ ಕ್ಲಾಸಿನಲ್ಲಿ ನಾವೆಲ್ಲ ಹೀಗೇ ಕಲಿತವರು. 34 ಕಡ್ಡಿ ಇದ್ದರೆ ಹತ್ತತ್ತು ಸೇರಿಸಿ ಕಟ್ಟು ಕಟ್ಟುತ್ತಿದ್ದೆವು. ಮೂರು ಕಟ್ಟು ಆಯಿತು, ನಾಲ್ಕು ಬಿಡಿಯಾಗಿ ಉಳಿಯಿತು. ಕನ್ನಡದಲ್ಲಿ ಕೊನೆಯ ಸ್ಥಾನಕ್ಕೆ 'ಬಿಡಿ ಸ್ಥಾನ' ಅಂತಲೇ ಹೆಸರು. ಯಾವ ಕಟ್ಟಿಗೂ ಸೇರದೆ ಬಿಡಿಯಾಗಿ ಉಳಿದದ್ದು ಅದು.

ನಮ್ಮ ಸಂಖ್ಯೆಗೆ ಎನ್ ಅನ್ನೋಣ. ಎನ್ % 10 ಅಂದರೆ 'ಬಿಡಿ ಎಷ್ಟು ಉಳಿಯಿತು?' ಎಂಬ ಪ್ರಶ್ನೆ. ಎನ್ / 10 ಅಂದರೆ 'ಕಟ್ಟು ಎಷ್ಟಾಯಿತು?' ಎಂಬ ಪ್ರಶ್ನೆ. ಇಷ್ಟೇ. ಹೋದ ವರ್ಷ ಒಬ್ಬಳು ಹುಡುಗಿ ಕಡ್ಡಿಯ ಕಟ್ಟುಗಳನ್ನೇ ಎತ್ತಿ ಮೇಜಿನ ಮೇಲೆ ಬೇರೆ ಇಟ್ಟು, 'ಮೇಡಂ, ಈಗ ಈ ಕಟ್ಟುಗಳನ್ನೇ ಕಡ್ಡಿ ಅಂದುಕೊಂಡು ಮತ್ತೆ ಹತ್ತತ್ತು ಕಟ್ಟಬಹುದಲ್ವಾ?' ಅಂದಳು. ಲೂಪ್ ಅಂದರೆ ಏನು ಅಂತ ನಾನು ಅವಳಿಗೆ ಬೇರೆ ಹೇಳಿಕೊಡಬೇಕಾಗಲಿಲ್ಲ.

5274 ತಗೊಳ್ಳಿ. ಹತ್ತರಿಂದ ಭಾಗಿಸಿದರೆ ಶೇಷ 4, ಭಾಗಲಬ್ಧ 527. ಮತ್ತೆ ಭಾಗಿಸಿ: ಶೇಷ 7, ಭಾಗಲಬ್ಧ 52. ಮತ್ತೆ: 2, 5. ಕೊನೆಗೆ: 5, 0. ಭಾಗಲಬ್ಧ 0 ಆದಾಗ ನಿಲ್ಲಿಸಿ. ಅಂಕಿಗಳು 4, 7, 2, 5 ಅಂತ ಬಲದಿಂದ ಎಡಕ್ಕೆ ಬಂದವು. ಇದು ತಪ್ಪಲ್ಲ, ಈ ವಿಧಾನದ ಸ್ವಭಾವವೇ ಹಾಗೆ. ನಾವು ಕೈಯಲ್ಲಿ ಕೂಡುವ ಲೆಕ್ಕ ಮಾಡುವಾಗಲೂ ಬಿಡಿ ಸ್ಥಾನದಿಂದಲೇ ಶುರು ಮಾಡುತ್ತೇವೆ, ದಶಕವನ್ನು ಎಡಕ್ಕೆ ಒಯ್ಯುತ್ತೇವೆ. ಸಂಖ್ಯೆಯನ್ನು ತಿರುಗಿಸಿ ಬರೆಯಬೇಕು, ಅಂಕಿಗಳ ಮೊತ್ತ ಬೇಕು, ಬಲದಿಂದ ಮೂರನೇ ಅಂಕಿ ಬೇಕು ಅಂದಾಗ ಈ ವಿಧಾನ ಬೆಣ್ಣೆಯ ಹಾಗೆ ಕೆಲಸ ಮಾಡುತ್ತದೆ. ನೂರರ ಸ್ಥಾನ ಒಂದೇ ಸಾಕು ಅಂದರೆ ಲೂಪೂ ಬೇಡ: ಎನ್ ಅನ್ನು 100ರಿಂದ ಭಾಗಿಸಿ, ಬಂದದ್ದಕ್ಕೆ % 10 ಮಾಡಿ. 5274ಕ್ಕೆ 52, ಆಮೇಲೆ 2. ಎಡದಿಂದ ಬಲಕ್ಕೇ ಬೇಕೆಂದರೆ ರಿಕರ್ಷನ್ ಇದೆ. ಎನ್ 0 ಆಗಿರದಿದ್ದರೆ ಫಂಕ್ಷನ್ ಮೊದಲು ಎನ್ / 10 ಕೊಟ್ಟು ತನ್ನನ್ನೇ ಕರೆಯಲಿ, ವಾಪಸ್ ಬಂದ ಮೇಲೆ ಶೇಷವನ್ನು ಪ್ರಿಂಟ್ ಮಾಡಲಿ. 5, 2, 7, 4 ಅಂತ ಸಾಲಾಗಿ ಬರುತ್ತದೆ.

ಪೈಥಾನ್‌ಗೆ ಹೋದಾಗ ಒಂದು ಎಚ್ಚರ. ಅಲ್ಲಿ ಒಂದೇ ಓರೆಗೆರೆ ಹಾಕಿದರೆ 5274 / 10 ಅಂದರೆ 527.4 ಬರುತ್ತದೆ. ಎರಡು ಓರೆಗೆರೆ ಬೇಕು: //. ಒಂದು ಗೆರೆ ಮರೆತರೆ ಸಂಖ್ಯೆ ಸಣ್ಣದಾಗುತ್ತಾ ಆಗುತ್ತಾ ಲೂಪ್ ಮುನ್ನೂರಕ್ಕೂ ಹೆಚ್ಚು ಸಲ ಸುತ್ತಿ ಆಮೇಲೆ ನಿಲ್ಲುತ್ತದೆ. ಡಿವ್‌ಮಾಡ್ ಎಂಬ ಫಂಕ್ಷನ್ ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೇ ಕೊಡುತ್ತದೆ. ನನಗೆ ಅದು ಇಷ್ಟ. ಕಟ್ಟು ಒಂದು ಕೈಯಲ್ಲಿ, ಬಿಡಿ ಇನ್ನೊಂದು ಕೈಯಲ್ಲಿ.

ಈಗ ನಿಮ್ಮ ಅಕ್ಕನ ವಿಧಾನ. ಎಸ್‌ಟಿಆರ್ ಫಂಕ್ಷನ್ ಸಂಖ್ಯೆಯನ್ನು ಅಕ್ಷರಗಳ ಸಾಲಾಗಿ ಮಾಡುತ್ತದೆ, ಒಂದೊಂದು ಅಕ್ಷರವನ್ನೂ ಇಂಟ್ ಫಂಕ್ಷನ್ ಮತ್ತೆ ಅಂಕಿ ಮಾಡುತ್ತದೆ. ಅಂಕಿಗಳು ಎಡದಿಂದ ಬಲಕ್ಕೆ, ನಾವು ಓದುವ ಕ್ರಮದಲ್ಲೇ ಸಿಗುತ್ತವೆ. ಓದೋಕೆ ಸುಲಭ, ಬರೆಯೋಕೆ ಸುಲಭ. ಅದನ್ನು ಕಡಿಮೆ ಅಂತ ನಾನು ಹೇಳುವುದಿಲ್ಲ. ಆದರೆ ಅದು 'ಹೊಸದು', ಇದು 'ಹಳೆಯದು' ಅನ್ನುವ ಮಾತು ಸರಿಯಲ್ಲ. ಕಂಪ್ಯೂಟರ್ ಒಳಗೆ 5274 ಅಂತ ಎಲ್ಲೂ ಬರೆದಿಟ್ಟಿಲ್ಲ. ಅಲ್ಲಿರುವುದು 1010010011010 ಎಂಬ ದ್ವಿಮಾನ ರೂಪ. ಅದನ್ನು 5, 2, 7, 4 ಎಂಬ ಅಕ್ಷರ ಮಾಡಬೇಕಾದರೆ ಎಸ್‌ಟಿಆರ್ ಒಳಗೂ ಯಾರೋ ಹತ್ತರಿಂದಲೋ ಹತ್ತರ ಘಾತದಿಂದಲೋ ಭಾಗಿಸಲೇಬೇಕು. ಅಕ್ಕ ಬರೆದ ಒಂದು ಸಾಲಿನ ಹಿಂದೆ ನಿಮ್ಮ ಸರ್ ಕಲಿಸಿದ ಲೆಕ್ಕವೇ ನಡೆಯುತ್ತಿದೆ. ಅದಕ್ಕೇ ನಾನು ಮೊದಲು ಶೇಷವನ್ನು ಕಲಿಸುತ್ತೇನೆ, ಆಮೇಲೆ ಸ್ಟ್ರಿಂಗ್.

ಸಿ ಅಥವಾ ಜಾವಾದಲ್ಲಿ ಸ್ಟ್ರಿಂಗ್ ದಾರಿ ಹಿಡಿದರೆ ಇನ್ನೊಂದು ಗುಂಡಿ ಇದೆ. ಅಕ್ಷರ '4' ಬೇರೆ, ಅಂಕಿ 4 ಬೇರೆ. '0' ಎಂಬ ಅಕ್ಷರದ ಕೋಡ್ 48, '4' ಎಂಬುದರ ಕೋಡ್ 52. ಅದಕ್ಕೇ ಅಕ್ಷರದಿಂದ '0' ಕಳೆಯುವುದು: 52 − 48 = 4. ಕಳೆಯುವುದನ್ನು ಮರೆತು 5274ರ ಅಂಕಿಗಳನ್ನು ಕೂಡಿದರೆ 18 ಬರಬೇಕಾದ ಕಡೆ 210 ಬರುತ್ತದೆ. ಲ್ಯಾಬ್‌ನಲ್ಲಿ ಯಾರಾದರೂ 'ಮೇಡಂ, ಮೊತ್ತ ಜಾಸ್ತಿ ಬರ್ತಿದೆ' ಅಂದರೆ ನಾನು ಸ್ಕ್ರೀನ್ ನೋಡುವ ಮೊದಲೇ ಕೇಳುತ್ತೇನೆ, 48 ಕಳೆದಿರಾ ಅಂತ.

ಹಾಗಾದರೆ ಯಾವಾಗ ಯಾವುದು? ನನ್ನ ತೀರ್ಮಾನಕ್ಕೆ ಒಂದೇ ಪ್ರಶ್ನೆ ಸಾಕು. ನಿಮ್ಮ ಕೈಯಲ್ಲಿರುವುದು ಎಣಿಕೆಯೋ, ಹೆಸರೋ? 5274 ರೂಪಾಯಿ ಎಣಿಕೆ. ಅದನ್ನು ಕೂಡಬಹುದು, ಭಾಗಿಸಬಹುದು. ಮೊಬೈಲ್ ನಂಬರ್ ಎಣಿಕೆಯಲ್ಲ, ಹೆಸರು. ಎರಡು ಮೊಬೈಲ್ ನಂಬರ್ ಕೂಡಿ ಯಾರಿಗೆ ಏನು ಸಿಗುತ್ತದೆ? ಎಣಿಕೆಯಾದರೆ ಶೇಷದಿಂದ ಬಿಡಿಸಿ. ಹೆಸರಾದರೆ ಹುಟ್ಟಿನಿಂದಲೇ ಸ್ಟ್ರಿಂಗ್ ಆಗಿರಲಿ, ಸಂಖ್ಯೆ ಮಾಡಲೇಬೇಡಿ. ನಮ್ಮ ದೇಶದ ಮೊಬೈಲ್ ನಂಬರ್‌ಗಳು ಹತ್ತು ಅಂಕಿಯವು, 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಜಾವಾದಲ್ಲಿ ಪೂರ್ಣಾಂಕ ಇಡುವ ಇಂಟ್ ಎಂಬ ಜಾಗ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಅದೂ ಹತ್ತು ಅಂಕಿ, ಆದರೆ 2ರಿಂದ ಶುರು. ಅಂದರೆ ಒಂದೇ ಒಂದು ಮೊಬೈಲ್ ನಂಬರ್ ಕೂಡ ಅದರಲ್ಲಿ ಹಿಡಿಯುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ಹತ್ತಿರದ ಹಾಲಿನ ಸೊಸೈಟಿಯೊಂದಕ್ಕೆ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸದಸ್ಯರ ನಂಬರ್ ಐದು ಅಂಕಿ. ಮೊದಲ ಎರಡು ಊರಿನದು, ಉಳಿದ ಮೂರು ಸದಸ್ಯರದು. 07134 ಅಂದರೆ ಏಳನೇ ಊರಿನ 134ನೇ ಸದಸ್ಯ. ನಾನು ಅದನ್ನು ಸಂಖ್ಯೆಯಾಗಿ ಇಟ್ಟೆ. ಮುಂದಿನ ಸೊನ್ನೆ ಬಿದ್ದುಹೋಯಿತು, 7134 ಉಳಿಯಿತು. ಪ್ರಿಂಟ್ ಮಾಡುವ ಕಡೆ ಅದನ್ನು ಸ್ಟ್ರಿಂಗ್ ಮಾಡಿ ಮೊದಲ ಎರಡು ಅಕ್ಷರ ತೆಗೆದೆ. ಊರು 71 ಅಂತ ಬಂತು. ಎಪ್ಪತ್ತೊಂದನೇ ಊರೇ ಇಲ್ಲ. ಆ ವಾರ ಒಂಬತ್ತು ಊರಿನವರ ಚೀಟಿಯಲ್ಲಿ ಊರಿನ ಜಾಗ ಖಾಲಿ. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಬಂದವರು ಚೀಟಿ ಹಿಡಿದು ಸಾಲಿನಲ್ಲಿ ನಿಂತೇ ಇದ್ದರು. ಕಾರ್ಯದರ್ಶಿಯವರು ಒಬ್ಬೊಬ್ಬರದಕ್ಕೂ ಪೆನ್ನಿನಲ್ಲಿ ಊರಿನ ಹೆಸರು ಬರೆದುಕೊಟ್ಟರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವರ ಬೆರಳಿನ ನೀಲಿ ಮಸಿ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಸದಸ್ಯ ನಂಬರ್ ಎಣಿಕೆಯಲ್ಲ, ಹೆಸರು. ನಾನು ಅದನ್ನು ಎಣಿಕೆ ಅಂದುಕೊಂಡೆ.

ನಿಮ್ಮ 2111ರ ತೊಂದರೆಯೂ ಈ ಸೊನ್ನೆಯದೇ, ನೋಡಿ. ದತ್ತಾತ್ರೇಯ ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. 1949ರಲ್ಲಿ ಈ ಸಂಗತಿ ಕಂಡುಕೊಂಡರು. ನಾಲ್ಕು ಅಂಕಿಯ ಸಂಖ್ಯೆ ತಗೊಳ್ಳಿ, ಎಲ್ಲ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ, ಏರಿಕೆ ಕ್ರಮದಲ್ಲಿ ಬರೆಯಿರಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಹೀಗೇ ಮಾಡುತ್ತಾ ಹೋದರೆ ಏಳು ಹೆಜ್ಜೆಯೊಳಗೆ 6174 ಬಂದೇ ಬರುತ್ತದೆ. ಈಗ 2111: 2111 − 1112 = 999. ನಿಮ್ಮ ಪ್ರೋಗ್ರಾಂ ಇಲ್ಲಿ ಮೂರೇ ಅಂಕಿ ನೋಡಿತು. 999 − 999 = 0. ಶೇಷದ ಲೂಪೂ ಭಾಗಲಬ್ಧ 0 ಆದ ಕೂಡಲೇ ನಿಂತಿತು, ಸ್ಟ್ರಿಂಗ್‌ಗೂ ಮೂರೇ ಅಕ್ಷರ ಸಿಕ್ಕಿತು. ಆದರೆ ಕಾಪ್ರೇಕರ್ ಅವರ ಲೆಕ್ಕದಲ್ಲಿ ಅದು 999 ಅಲ್ಲ, 0999. ನಾಲ್ಕು ಮನೆ ಯಾವಾಗಲೂ ನಾಲ್ಕೇ. 9990 − 0999 = 8991. 9981 − 1899 = 8082. 8820 − 0288 = 8532. 8532 − 2358 = 6174. ಬಂತಲ್ವಾ!

ತಿದ್ದುವುದು ಸುಲಭ. ಶೇಷದಲ್ಲಾದರೆ 'ಭಾಗಲಬ್ಧ 0 ಆಗುವ ತನಕ' ಎಂಬ ವೈಲ್ ಲೂಪ್ ತೆಗೆದು, ಸರಿಯಾಗಿ ನಾಲ್ಕು ಸಲ ಸುತ್ತುವ ಫಾರ್ ಲೂಪ್ ಹಾಕಿ. ನಾಲ್ಕನೇ ಸಲ ಶೇಷ 0 ಬರುತ್ತದೆ, ಅದೇ ನಮಗೆ ಬೇಕಾದ ಸೊನ್ನೆ. ಪೈಥಾನ್ ಸ್ಟ್ರಿಂಗ್‌ನಲ್ಲಾದರೆ ಝೆಡ್‌ಫಿಲ್‌ಗೆ 4 ಕೊಡಿ, ಮುಂದೆ ಸೊನ್ನೆ ತುಂಬಿಕೊಡುತ್ತದೆ. ಈ ಲೆಕ್ಕಕ್ಕೆ ನಾನಾದರೆ ಶೇಷವನ್ನೇ ಹಿಡಿಯುತ್ತೇನೆ. ಕಳೆಯುವ ಕೆಲಸ ಇದೆಯಲ್ಲ, ಇದು ಎಣಿಕೆ.

ಇನ್ನೊಂದು ಮಾತು, ವೈವಾದಲ್ಲಿ ಕೇಳುತ್ತಾರೆ. ಎನ್ 0 ಆಗಿದ್ದರೆ 'ಎನ್ > 0 ಇರುವ ತನಕ' ಎಂಬ ಲೂಪ್ ಒಂದು ಸಲವೂ ಓಡುವುದಿಲ್ಲ. 0ಯಲ್ಲಿ ಅಂಕಿಯೇ ಇಲ್ಲ ಅಂದುಬಿಡುತ್ತದೆ. ಡೂ-ವೈಲ್ ಬಳಸಿ, ಒಂದು ಸಲವಾದರೂ ಓಡಲಿ.

ಪ್ರಶ್ನೆ: ಪೈಥಾನ್‌ನಲ್ಲಿ −37 ಕೊಟ್ಟರೆ ನನ್ನ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಅದೇ ಲೆಕ್ಕ ಸಿ ಭಾಷೆಯಲ್ಲಿ ನಿಲ್ಲುತ್ತದೆ, ಆದರೆ ಅಂಕಿಗಳು ಮೈನಸ್ ಬರುತ್ತವೆ. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಭಾಷೆ ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ನಡೆದಿವೆ. 37 ರೂಪಾಯಿ ಸಾಲವನ್ನು ಹತ್ತರ ಕಟ್ಟು ಮಾಡಿ ಅಂದರೆ ಎರಡು ದಾರಿ. ಸಿ ಭಾಷೆ 1999ರ ಮಾನಕದಿಂದ ಸೊನ್ನೆಯ ಕಡೆಗೆ ಕತ್ತರಿಸುತ್ತದೆ: ಭಾಗಲಬ್ಧ −3, ಶೇಷ −7. ಜಾವಾ ಕೂಡ ಹಾಗೇ. ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ: ಭಾಗಲಬ್ಧ −4, ಶೇಷ 3. ಎರಡರಲ್ಲೂ ತಾಳೆ ನೋಡಿ, −37 ವಾಪಸ್ ಬರುತ್ತದೆ. ಆದರೆ ಪೈಥಾನ್‌ನಲ್ಲಿ ಮುಂದೆ ಏನಾಗುತ್ತದೆ? −4ರಿಂದ −1 ಬರುತ್ತದೆ. −1 // 10 ಮತ್ತೆ −1. ಮತ್ತೆ −1. ಎಷ್ಟು ಸುತ್ತಿದರೂ ಸೊನ್ನೆ ಬರುವುದಿಲ್ಲ, ಪ್ರತಿ ಸಲ 9 ಎಂಬ ಶೇಷ ಮಾತ್ರ ಬೀಳುತ್ತಾ ಇರುತ್ತದೆ.

ಮೊದಲೇ ಚಿಹ್ನೆ ತೆಗೆದು ಬದಿಗಿಡಿ, ಆಮೇಲೆ ಬಿಡಿಸಿ. ಪೈಥಾನ್‌ನಲ್ಲಿ ಚಿಹ್ನೆ ತೆಗೆಯುವ ಆಬ್ಸ್ ಫಂಕ್ಷನ್ ಸಾಕು. ಜಾವಾದಲ್ಲಿ ಮಾತ್ರ ಒಂದು ಸಂಖ್ಯೆ ಕೈಕೊಡುತ್ತದೆ: −2147483648. ಅದರ ಧನ ರೂಪ ಇಂಟ್‌ನಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಆಬ್ಸ್ ಮಾಡಿದರೂ ಮೈನಸ್ಸೇ ಉಳಿಯುತ್ತದೆ. ಜಾವಾದಲ್ಲಿ ಮೊದಲು ಶೇಷ ತೆಗೆಯಿರಿ, ಆ ಒಂದು ಅಂಕಿಗೆ ಆಬ್ಸ್ ಹಾಕಿ. ಆಗ ಯಾವ ಸಂಖ್ಯೆಗೂ ತೊಂದರೆ ಇಲ್ಲ.

ಪ್ರಶ್ನೆ: ಸಂದರ್ಶನದಲ್ಲಿ ನನ್ನನ್ನು 'ಭಾಗಾಕಾರ ಬಳಸದೆ ಅಂಕಿಗಳನ್ನು ತೆಗೆಯಿರಿ' ಅಂದರು. ಭಾಗಾಕಾರ ನಿಧಾನವಂತೆ. ಈ ಪ್ರಶ್ನೆಗೆ ನಿಜವಾಗಿ ಅರ್ಥ ಇದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಇದೆ. ಪ್ರಯೋಗಕ್ಕೆ ಬಳಸುವ ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ ತಗೊಳ್ಳಿ. ಅದರಲ್ಲಿ ಗುಣಿಸುವ ಸೂಚನೆ ಇದೆ, ಭಾಗಿಸುವ ಸೂಚನೆಯೇ ಇಲ್ಲ. ನೀವು / ಬರೆದರೆ ಕಂಪೈಲರ್ (ನಮ್ಮ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಒಂದು ದೊಡ್ಡ ಸಬ್‌ರುಟೀನ್ ಸೇರಿಸುತ್ತದೆ. ಅಂಥ ಕಡೆ ಕ್ಯಾಷಿಯರ್ ನೋಟು ಎಣಿಸುವ ಹಾಗೆ ಮಾಡಬಹುದು. 5274ರಿಂದ 1000 ಕಳೆಯುತ್ತಾ ಹೋಗಿ, ಐದು ಸಲ ಆಗುತ್ತದೆ. ಉಳಿದದ್ದು 274. ಅದರಿಂದ 100 ಎರಡು ಸಲ. ಉಳಿದ 74ರಿಂದ 10 ಏಳು ಸಲ. ಉಳಿದದ್ದು 4. ಬರೀ ಕಳೆಯುವ ಲೆಕ್ಕ, ಅಂಕಿಗಳೂ ಎಡದಿಂದಲೇ ಬಂದವು. ಡಿಸ್ಪ್ಲೇಗೆ ಕಳಿಸೋಕೆ ಅದೇ ಕ್ರಮ ಬೇಕಲ್ವಾ? ನಿಮ್ಮ ಸಂದರ್ಶನಕ್ಕೆ ಈ ಉತ್ತರ ಸಾಕಾಗಿತ್ತು. ಡಿಪ್ಲೊಮಾದವರಿಗೆ ಪರಿಚಯದ 8051 ಎಂಬ ಚಿಪ್ಪಿನಲ್ಲಿ ಮಾತ್ರ ಭಾಗಿಸುವ ಸೂಚನೆ ಇದೆ. 'ಡಿವ್ ಎಬಿ' ಅಂದರೆ ಸಾಕು, ಎ ಯಲ್ಲಿ ಭಾಗಲಬ್ಧ, ಬಿ ಯಲ್ಲಿ ಶೇಷ ಬಂದು ಕೂರುತ್ತದೆ.

ದೊಡ್ಡ ಕಂಪ್ಯೂಟರ್‌ನಲ್ಲಿ ಈ ಚಿಂತೆ ನಿಮಗೆ ಬೇಡ, ಕಂಪೈಲರ್ ನೋಡಿಕೊಳ್ಳುತ್ತದೆ. ಹೇಗೆ ಅನ್ನುವುದು ಚಂದ ಇದೆ. ಎರಡರ 35ನೇ ಘಾತ 34359738368. ಅದರ ಕೆಳಗೆ 3435973837 ಬರೆಯಿರಿ. ಕಣ್ಣಿಗೇ ಕಾಣುತ್ತದೆ, ಇದು ಮೇಲಿನದರ ಹತ್ತನೇ ಒಂದು ಭಾಗ, ಒಂದು ಕೂದಲೆಳೆಯಷ್ಟು ಜಾಸ್ತಿ. ಹಾಗಾಗಿ ಒಂದು 32 ಬಿಟ್‌ನ ಧನ ಸಂಖ್ಯೆಯನ್ನು 3435973837ರಿಂದ ಗುಣಿಸಿ, ಬಲಗಡೆಯ 35 ಬಿಟ್ ಬಿಟ್ಟುಬಿಟ್ಟರೆ (ಅಂದರೆ ಎರಡರ 35ನೇ ಘಾತದಿಂದ ಭಾಗಿಸಿದ ಹಾಗೆ), ಉಳಿದದ್ದೇ ಹತ್ತರಿಂದ ಭಾಗಿಸಿದ ಭಾಗಲಬ್ಧ. ಆ ಎಳೆಯಷ್ಟು ಜಾಸ್ತಿ ಇರುವುದು ಉತ್ತರವನ್ನು ಎಲ್ಲೂ ಕೆಡಿಸುವುದಿಲ್ಲ. ಗುಣಾಕಾರ ಪ್ರೊಸೆಸರ್‌ಗೆ ಭಾಗಾಕಾರಕ್ಕಿಂತ ಹಗುರ. ಸ್ಥಿರ ಸಂಖ್ಯೆಯಿಂದ ಭಾಗಿಸುವುದನ್ನು ಹೀಗೆ ಗುಣಾಕಾರ ಮಾಡುವ ಬಗೆಯನ್ನು ಗ್ರಾನ್‌ಲುಂಡ್ ಮತ್ತು ಮಾಂಟ್‌ಗೊಮೆರಿ 1994ರ ಪ್ರಬಂಧದಲ್ಲಿ ವಿವರವಾಗಿ ಬರೆದರು. ನೀವು ಎನ್ / 10 ಅಂತಲೇ ಬರೆಯಿರಿ. ಓದುವವರಿಗೆ ಅದು ಸ್ಪಷ್ಟ.

ಅಂಕಿ ಎಷ್ಟಿವೆ ಎಂದು ಎಣಿಸೋಕೆ ಲಾಗ್ (ಲಾಗರಿದಮ್) ಬಳಸಬಹುದೇ ಎಂದೂ ಕೇಳಿದ್ದೀರಿ. ಬೇಡ. ಹದಿನೈದು ಒಂಬತ್ತುಗಳ ಸಂಖ್ಯೆಗೆ ಪೈಥಾನ್‌ನ ಲಾಗ್10 ಸರಿಯಾಗಿ 15.0 ಅನ್ನುತ್ತದೆ, ದಶಮಾಂಶಕ್ಕೆ ಅಷ್ಟು ಸೂಕ್ಷ್ಮ ಹಿಡಿಯುವುದಿಲ್ಲ. ಒಂದು ಕೂಡಿಸಿದರೆ 16 ಅಂಕಿ ಅಂತ ಆಗುತ್ತದೆ, ಇರುವುದು 15.

ಪ್ರಶ್ನೆ: ನಾನು ಹೈಸ್ಕೂಲ್ ಗಣಿತ ಶಿಕ್ಷಕ. ಮಕ್ಕಳಿಗೆ ಕನ್ನಡ ಅಂಕಿಯಲ್ಲೇ ಸ್ಥಾನಬೆಲೆ ತೋರಿಸುವ ಸಣ್ಣ ಪ್ರೋಗ್ರಾಂ ಜಾವಾದಲ್ಲಿ ಬರೆದೆ. ೫೨೭೪ ಟೈಪ್ ಮಾಡಿದರೆ 7ರ ಬದಲು 3261 ಬರುತ್ತದೆ! ಕನ್ನಡ ಅಂಕಿಗೆ ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸರ್, ನಿಮ್ಮ ಪ್ರಶ್ನೆಗೆ ಉತ್ತರ ಆ 3261ರಲ್ಲೇ ಇದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಕೋಡ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ೦ ಅಕ್ಷರದ ಕೋಡ್ 3302. ಅಲ್ಲಿಂದ ಸಾಲಾಗಿ ೧ ಅಂದರೆ 3303, ೭ ಅಂದರೆ 3309, ೯ ಅಂದರೆ 3311. ನಿಮ್ಮ ಪ್ರೋಗ್ರಾಂ ಪ್ರತಿ ಅಕ್ಷರದಿಂದ ಇಂಗ್ಲಿಷ್ '0' ಕಳೆದಿದೆ. 3309 − 48 = 3261. ಯಂತ್ರ ಲೆಕ್ಕ ತಪ್ಪಿಲ್ಲ, ಕಳೆದ ಸೊನ್ನೆ ನಮ್ಮದಲ್ಲ. ಕನ್ನಡದ '೦' ಕಳೆದರೆ 7 ಬರುತ್ತದೆ. ಅದಕ್ಕಿಂತ ಒಳ್ಳೆಯದು, ಜಾವಾದ ಕ್ಯಾರೆಕ್ಟರ್ ಕ್ಲಾಸಿನ ಗೆಟ್‌ನ್ಯೂಮರಿಕ್‌ವ್ಯಾಲ್ಯೂ ಬಳಸಿ. ಅದಕ್ಕೆ ಕನ್ನಡ ಅಂಕಿಯೂ ಗೊತ್ತು, ಇಂಗ್ಲಿಷ್ ಅಂಕಿಯೂ ಗೊತ್ತು. ಮಕ್ಕಳು ಯಾವುದರಲ್ಲಿ ಬರೆದರೂ ನಡೆಯುತ್ತದೆ. ಪೈಥಾನ್ ಇನ್ನೂ ಸುಲಭ, ಇಂಟ್‌ಗೆ ೫೨೭೪ ಎಂಬ ಸ್ಟ್ರಿಂಗ್ ಕೊಟ್ಟರೆ ನೇರವಾಗಿ 5274 ಎಂಬ ಸಂಖ್ಯೆ ಕೊಡುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ನಮ್ಮ ಅಂಕಿಯನ್ನೂ ಅಂಕಿ ಅಂತ ಒಪ್ಪಿಕೊಳ್ಳುತ್ತದಲ್ಲ ಅಂತ.

ಸಿ ಭಾಷೆಯಲ್ಲಿ ಮಾಡಲು ಹೋಗಬೇಡಿ. ಆ ಕೋಡುಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8ರಲ್ಲಿ ಒಂದು ಕನ್ನಡ ಅಂಕಿಗೆ ಮೂರು ಬೈಟ್ ಬೇಕು, ೫೨೭೪ ಅಂದರೆ ಹನ್ನೆರಡು ಬೈಟ್. ಒಂದೊಂದು ಬೈಟನ್ನೂ ಒಂದು ಅಂಕಿ ಅಂದುಕೊಂಡರೆ ಎಲ್ಲ ಕಲಸಿಹೋಗುತ್ತದೆ.

ತೋರಿಸುವ ಕಡೆ ಮಾತ್ರ ಯಾವ ಭಾಷೆಯೂ ತಾನಾಗಿ ಕನ್ನಡ ಅಂಕಿ ಕೊಡುವುದಿಲ್ಲ, ನಾವು ಹೇಳಬೇಕು. ಅಲ್ಲಿ ಶೇಷ ಮತ್ತೆ ಕೈಹಿಡಿಯುತ್ತದೆ. ಸಂಖ್ಯೆಯನ್ನು % 10 ಮಾಡಿ, ಬಂದ ಅಂಕಿಗೆ 3302 ಕೂಡಿ, ಅದನ್ನು ಅಕ್ಷರ ಮಾಡಿ. 7 ಬಂದರೆ 3309, ಅಂದರೆ ೭. ಅಂಕಿಗಳು ಬಿಡಿ ಸ್ಥಾನದಿಂದ ಬರುತ್ತವಲ್ಲ, ಒಂದೊಂದನ್ನೂ ಹಿಂದಿನದರ ಎಡಕ್ಕೆ ಸೇರಿಸುತ್ತಾ ಹೋಗಿ. ಮಕ್ಕಳ ಕಣ್ಣೆದುರೇ ಮೊದಲು ೪, ಆಮೇಲೆ ೭೪, ಆಮೇಲೆ ೨೭೪, ಕೊನೆಗೆ ೫೨೭೪ ಮೂಡುತ್ತದೆ. ಬಿಡಿ, ಹತ್ತು, ನೂರು, ಸಾವಿರ ಎಂದು ಅವರೇ ಒಟ್ಟಿಗೆ ಹೇಳಲಿ. ಪ್ರೋಗ್ರಾಂ ನಡೆದರೆ ಕೋಡ್ ನನಗೂ ಕಳಿಸಿ ಸರ್, ನಮ್ಮ ಲ್ಯಾಬ್‌ನಲ್ಲಿ ಹಾಕಿ ತೋರಿಸುತ್ತೇನೆ.